ಭೋಗ್ಯಕ್ಕೆ ಕೊಟ್ಟ ನದಿ



ಅಣೆಕಟ್ಟಿನ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ: ಕಟ್ಟಬೇಕೋ, ಬೇಡವೋ. ಕಟ್ಟುವ ಮುಂಚೆ ಪಾದಯಾತ್ರೆ, ಅಹವಾಲು ಸಭೆ, ಕೋರ್ಟು, ಪತ್ರಿಕೆಗಳಲ್ಲಿ ಲೇಖನ. ಕಟ್ಟಿ ಮುಗಿದ ಮೇಲೆ ಎಲ್ಲರೂ ಸುಮ್ಮನಾಗುತ್ತೇವೆ. ಗೇಟು ಕೂತು ನೀರು ನಿಂತಿತೆಂದರೆ ಆ ಅಣೆಕಟ್ಟು ಇನ್ನು ಅಲ್ಲೇ ಇರುವಂಥದ್ದು, ಅದು ಹೇಗೆ ನಡೆಯುತ್ತದೋ ಹಾಗೇ ನಡೆಯುವಂಥದ್ದು ಎಂದು ಒಪ್ಪಿಕೊಂಡುಬಿಡುತ್ತೇವೆ. ಅಮೆರಿಕದಲ್ಲಿ ನೂರು ವರ್ಷಕ್ಕೂ ಹಿಂದೆ ಮಾಡಿದ ಒಂದು ಕಾನೂನು ಇದನ್ನು ಒಪ್ಪಲಿಲ್ಲ. ಇವತ್ತು ನಾನು ಮಾತಾಡುವುದು ಆ ಕಾನೂನಿನ ಬಗ್ಗೆ, ಅದರ ಕೆಳಗೆ ನಡೆದ ನಾಲ್ಕಾರು ನದಿಗಳ ವ್ಯಾಜ್ಯದ ಬಗ್ಗೆ.

ಅಲ್ಲಿ ಖಾಸಗಿ ಕಂಪನಿಯಾಗಲಿ, ನಗರಸಭೆಯಾಗಲಿ, ರಾಜ್ಯ ಸರ್ಕಾರವೇ ಆಗಲಿ, ನದಿಗೆ ಅಡ್ಡ ಕಟ್ಟಿ ವಿದ್ಯುತ್ ತೆಗೆಯಬೇಕಾದರೆ ಸಾಮಾನ್ಯವಾಗಿ ಕೇಂದ್ರದ ಒಂದು ಆಯೋಗದಿಂದ ಪರವಾನಗಿ ಪಡೆಯಬೇಕು. ಆ ಪರವಾನಗಿಗೆ ಅವಧಿ ಇದೆ, ಹೆಚ್ಚೆಂದರೆ 50 ವರ್ಷ. ಹಿಂದೆ ನಮ್ಮ ಕಡೆ ತೋಟ ಭೋಗ್ಯಕ್ಕೆ ಹಾಕುತ್ತಿದ್ದರಲ್ಲ, ಅದೇ ರೀತಿ. ಫಸಲು ಪಡೆದವನದು, ತೋಟ ಒಡೆಯನದು. ಅವಧಿ ಮುಗಿದ ದಿನ ಇಬ್ಬರೂ ಕೂತು ಮತ್ತೆ ಮಾತಾಡಲೇಬೇಕು. ಅಮೆರಿಕದ ಜಲವಿದ್ಯುತ್ ವ್ಯವಸ್ಥೆಯಿಂದ ನಾವು ಕಲಿಯಬೇಕಾದ ಒಂದೇ ಸಂಗತಿ ಇದ್ದರೆ ಅದು ಈ ಅವಧಿ ಎಂದು ನನಗೆ ಅನ್ನಿಸಿದೆ. ಪರಿಸರ ವರದಿ, ವಿಚಾರಣೆ, ಕೋರ್ಟಿನ ತೀರ್ಪು ಎಲ್ಲವೂ ಬೇಕು. ಅವಕ್ಕೆ ಮೊನಚು ಬಂದದ್ದು ಮಾತ್ರ ಈ ಗಡುವಿನಿಂದ.

ಈ ಗಡುವು ಬಂದದ್ದು ಪರಿಸರವಾದಿಗಳಿಂದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಣೆಕಟ್ಟು ಕಟ್ಟುವವರು ನೇರ ಅಲ್ಲಿಯ ಸಂಸತ್ತಾದ ಕಾಂಗ್ರೆಸ್ಸಿಗೆ ಹೋಗಿ ತಮ್ಮ ಹೆಸರಿಗೊಂದು ಕಾಯ್ದೆ ಮಾಡಿಸಿಕೊಂಡು ಬರುತ್ತಿದ್ದರು. ಜಾಗ ಅವರದಾಗುತ್ತಿತ್ತು, ಅವಧಿ ಎಂಬುದಿರಲಿಲ್ಲ, ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕವೂ ಇರಲಿಲ್ಲ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಇಂಥ ಮಸೂದೆಗಳಿಗೆ ಅಡ್ಡ ನಿಂತರು. 1908ರಲ್ಲಿ ರೇನಿ ನದಿಯ ಮಸೂದೆಗೆ, 1909ರ ಜನವರಿಯಲ್ಲಿ ಮಿಸ್ಸೂರಿಯ ಜೇಮ್ಸ್ ನದಿಯ ಮಸೂದೆಗೆ ಸಹಿ ಹಾಕದೆ ವಾಪಸು ಕಳಿಸಿದರು. ಹರಿಯುವ ನೀರು ಸಾರ್ವಜನಿಕರದು, ಅದನ್ನು ಶಾಶ್ವತವಾಗಿ ಬರೆದುಕೊಡುವ ಅಧಿಕಾರ ಈ ತಲೆಮಾರಿಗಿಲ್ಲ ಎಂಬುದು ಅವರ ವಾದದ ತಿರುಳು. ಹತ್ತು ವರ್ಷ ಜಗಳವಾಡಿ, ಕೊನೆಗೆ 1920ರ ಜೂನ್ 10ರಂದು ವುಡ್ರೋ ವಿಲ್ಸನ್ ಒಕ್ಕೂಟ ಜಲಶಕ್ತಿ ಕಾಯ್ದೆಗೆ ಸಹಿ ಹಾಕಿದರು. ಆಗ ಹುಟ್ಟಿದ ಫೆಡರಲ್ ಪವರ್ ಕಮಿಷನ್ನಿನಲ್ಲಿ ಇದ್ದವರು ಮೂವರು ಮಂತ್ರಿಗಳು: ಯುದ್ಧ, ಒಳನಾಡು, ಕೃಷಿ. 1930ರಲ್ಲಿ ಅದು ಐವರು ಸದಸ್ಯರ ಸ್ವತಂತ್ರ ಆಯೋಗವಾಯಿತು. 1977ರ ಕಾಯ್ದೆಯಿಂದ ಈಗಿನ ಫೆಡರಲ್ ಎನರ್ಜಿ ರೆಗ್ಯುಲೇಟರಿ ಕಮಿಷನ್ ಆಗಿದೆ. ಅಲ್ಲಿಯವರು ಚಿಕ್ಕದಾಗಿ ಫರ್ಕ್ ಎನ್ನುತ್ತಾರೆ. ನಾನು ಆಯೋಗ ಎಂದಷ್ಟೇ ಹೇಳುತ್ತೇನೆ.

ಒಂದು ತಪ್ಪು ತಿಳಿವಳಿಕೆ ಬರದಿರಲಿ. ಹೂವರ್, ಗ್ರ್ಯಾಂಡ್ ಕೂಲಿಯಂಥ ದೈತ್ಯ ಅಣೆಕಟ್ಟುಗಳು ಈ ಪರವಾನಗಿಯ ವ್ಯಾಪ್ತಿಗೆ ಬರುವುದಿಲ್ಲ. ಅವು ಕೇಂದ್ರ ಸರ್ಕಾರವೇ ಕಟ್ಟಿ ನಡೆಸುವಂಥವು. ಆ ದೇಶದ ಜಲವಿದ್ಯುತ್ ಸಾಮರ್ಥ್ಯದಲ್ಲಿ ಸುಮಾರು ಅರ್ಧ ಹೀಗೆ ಹೊರಗೇ ಉಳಿಯುತ್ತದೆ. ಆದರೆ ರಾಜ್ಯ ಸರ್ಕಾರಗಳ ಯೋಜನೆಗಳು ಒಳಗೆ ಬರುತ್ತವೆ. ಕ್ಯಾಲಿಫೋರ್ನಿಯಾ ಸರ್ಕಾರದ ಓರೋವಿಲ್ ಅಣೆಕಟ್ಟಿಗೂ, ನ್ಯೂಯಾರ್ಕ್ ರಾಜ್ಯದ ವಿದ್ಯುತ್ ಪ್ರಾಧಿಕಾರದ ನಯಾಗರ ಯೋಜನೆಗೂ ಪರವಾನಗಿ ಬೇಕು, ಅವಕ್ಕೂ ಅವಧಿ ಉಂಟು. ನಮ್ಮ ಕರ್ನಾಟಕ ವಿದ್ಯುತ್ ನಿಗಮದಂಥ ಸರ್ಕಾರಿ ಸಂಸ್ಥೆಯೂ ಐವತ್ತು ವರ್ಷಕ್ಕೊಮ್ಮೆ ಜನರ ಮುಂದೆ ಬಂದು ಲೆಕ್ಕ ಒಪ್ಪಿಸಬೇಕಾದ ಪದ್ಧತಿ ಅದು.

ಕಾಯ್ದೆಯಲ್ಲಿ ಅವಧಿ ಇದ್ದರೂ ಮೊದಲ ನಲವತ್ತು ವರ್ಷ ಆಯೋಗದ ಕಣ್ಣಿಗೆ ನದಿಯೆಂದರೆ ಕಿಲೋವ್ಯಾಟ್ ಮಾತ್ರ. ನದಿಯ ಸಮಗ್ರ ಅಭಿವೃದ್ಧಿಗೆ ಅತ್ಯಂತ ತಕ್ಕ ಯೋಜನೆಯನ್ನೇ ಆರಿಸಬೇಕು ಎಂದು ಕಾನೂನು ಹೇಳಿತ್ತು. ಆ ಮಾತಿಗೆ ಜೀವ ಬಂದದ್ದು ಹಡ್ಸನ್ ನದಿಯ ದಂಡೆಯಲ್ಲಿ, ಸ್ಟಾರ್ಮ್ ಕಿಂಗ್ ಎಂಬ ಬೆಟ್ಟದ ಬುಡದಲ್ಲಿ.

ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನ್ಯೂಯಾರ್ಕ್ ನಗರಕ್ಕೆ ವಿದ್ಯುತ್ ಕೊಡುವ ಕಾನ್ ಎಡಿಸನ್ ಕಂಪನಿ 1962ರಲ್ಲಿ ಒಂದು ಯೋಜನೆ ಪ್ರಕಟಿಸಿತು. ನಗರದಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ, ಹಡ್ಸನ್ ಎರಡು ಬೆಟ್ಟಗಳ ನಡುವೆ ಇಕ್ಕಟ್ಟಾಗಿ ಹರಿಯುವಲ್ಲಿ, ರಾತ್ರಿ ಮಿಕ್ಕ ವಿದ್ಯುತ್ತಿನಿಂದ ನದಿಯ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತುವುದು, ಹಗಲು ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು ಟರ್ಬೈನು ತಿರುಗಿಸುವುದು. ಪಂಪ್ಡ್ ಸ್ಟೋರೇಜ್. ಸಾಮರ್ಥ್ಯ 2000 ಮೆಗಾವ್ಯಾಟ್. ಶರಾವತಿ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಈಗ ಯೋಜಿಸಿರುವ ಪಂಪ್ಡ್ ಸ್ಟೋರೇಜಿನ ಸಾಮರ್ಥ್ಯವೂ 2000 ಮೆಗಾವ್ಯಾಟೇ. ಅರವತ್ತು ವರ್ಷಗಳ ಅಂತರದಲ್ಲಿ ಎರಡು ಕಣಿವೆಗಳ ಮುಂದೆ ಬಂದ ಪ್ರಶ್ನೆ ಒಂದೇ ಜಾತಿಯದು. ಅದಕ್ಕೇ ಈ ಕಥೆ ನಮಗೆ ಹತ್ತಿರದ್ದು.

ಸ್ಥಳೀಯರು 1963ರ ನವೆಂಬರಿನಲ್ಲಿ ಸೀನಿಕ್ ಹಡ್ಸನ್ ಎಂಬ ಸಂಘಟನೆ ಕಟ್ಟಿದರು. ಅವರಲ್ಲಿ ಬೆಟ್ಟದ ಚೆಲುವನ್ನು ಉಳಿಸಬೇಕೆನ್ನುವವರಿದ್ದರು. ಅವರ ಜೊತೆಗೆ ಮೀನುಗಾರರೂ ನಿಂತರು, ವ್ಯಾಜ್ಯಕ್ಕೆ ಬಲ ಬಂದದ್ದು ಆಗ. ಸ್ಟ್ರೈಪ್ಡ್ ಬಾಸ್ ಎಂಬ ಮೀನು ಸಮುದ್ರದಿಂದ ಬಂದು ಮೊಟ್ಟೆಯಿಡುವುದು ಇದೇ ಭಾಗದಲ್ಲಿ. ಪಂಪು ನೀರು ಹೀರುವಾಗ ಮೊಟ್ಟೆ, ಮರಿ ಎಲ್ಲವನ್ನೂ ಜೊತೆಗೆ ಹೀರುತ್ತದೆ ಎಂಬುದು ಅವರ ಆತಂಕ. ಆಯೋಗ ಇದಕ್ಕೆ ಹೆಚ್ಚು ಕಿವಿಗೊಡಲಿಲ್ಲ. ಗ್ಯಾಸ್ ಟರ್ಬೈನಿನಿಂದ ಇಷ್ಟೇ ವಿದ್ಯುತ್ತನ್ನು ಒದಗಿಸಬಹುದು ಎಂದು ಅನುಭವಿ ಎಂಜಿನಿಯರ್ ಅಲೆಕ್ಸಾಂಡರ್ ಲರ್ಕಿಸ್ ಸಾಕ್ಷ್ಯ ಹೇಳಲು ಬಂದರೆ, ತಡವಾಯಿತು ಎಂದು ಅದನ್ನು ದಾಖಲೆಗೆ ಸೇರಿಸಿಕೊಳ್ಳಲಿಲ್ಲ. 1965ರ ಮಾರ್ಚಿನಲ್ಲಿ ಪರವಾನಗಿ ಕೊಟ್ಟೇಬಿಟ್ಟಿತು. ಅದೇ ವರ್ಷ ನವೆಂಬರ್ 9ರಂದು ಅಮೆರಿಕದ ಈಶಾನ್ಯದ ಬಹುಭಾಗ ಕತ್ತಲಲ್ಲಿ ಮುಳುಗಿತು. ಇನ್ನೇನು, ಇಂಥ ಯೋಜನೆ ಬೇಡ ಎನ್ನುವವರ ಬಾಯಿ ಕಟ್ಟಿತು ಎಂದೇ ಯಾರಾದರೂ ಅಂದುಕೊಳ್ಳಬೇಕು.

ಏಳು ವಾರ ಕಳೆದು, ಡಿಸೆಂಬರ್ 29ರಂದು ಎರಡನೆಯ ವಲಯದ ಮೇಲ್ಮನವಿ ನ್ಯಾಯಾಲಯ ಆ ಪರವಾನಗಿಯನ್ನು ರದ್ದುಮಾಡಿ ಆಯೋಗಕ್ಕೆ ವಾಪಸು ಕಳಿಸಿತು. ತೀರ್ಪಿನಲ್ಲಿ ಎರಡು ಮುಖ್ಯ ಮಾತುಗಳಿದ್ದವು. ಒಂದು: ಹಣದ ನಷ್ಟ ಇಲ್ಲದಿದ್ದರೂ, ಒಂದು ಜಾಗದ ಚೆಲುವು ಮತ್ತು ಪ್ರಕೃತಿಯ ಬಗ್ಗೆ ಕಾಳಜಿಯಿರುವ ಜನ ಕೋರ್ಟಿಗೆ ಬರಬಹುದು. ಅಲ್ಲಿಯ ಪರಿಸರ ಕಾನೂನಿನ ಬಾಗಿಲು ತೆರೆದದ್ದು ಇಲ್ಲಿಂದ ಎಂದು ವಕೀಲರು ಇಂದಿಗೂ ಹೇಳುತ್ತಾರೆ. ಎರಡನೆಯದು ನನಗೆ ಇನ್ನೂ ದೊಡ್ಡದು. ಎದುರಿಗೆ ಬಂದ ಎರಡು ಪಕ್ಷಗಳ ವಾದ ಕೇಳಿ ತೀರ್ಪು ಕೊಟ್ಟು ಎದ್ದುಹೋಗುವುದು ಆಯೋಗದ ಕೆಲಸವಲ್ಲ. ಸಾರ್ವಜನಿಕರ ಪರವಾಗಿ ತಾನೇ ಮುಂದಾಗಿ ಹುಡುಕಬೇಕು, ಪರ್ಯಾಯಗಳನ್ನು ತಾನೇ ಕೆದಕಬೇಕು. ಯಾರೂ ತಂದುಕೊಡದ ಸಾಕ್ಷ್ಯವನ್ನು ತಂದುಕೊಳ್ಳುವುದೂ ಅದರ ಹೊಣೆ.

ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. 1970ರಲ್ಲಿ ಆಯೋಗ ಮತ್ತೆ ಪರವಾನಗಿ ಕೊಟ್ಟಿತು, ಈ ಸಲ ಕೋರ್ಟು ಎತ್ತಿಹಿಡಿಯಿತು. ಆಗ ಮೀನುಗಾರರ ಕಡೆಯವರು ಅಧಿಕೃತ ಮೀನು ಅಧ್ಯಯನದಲ್ಲೇ ಒಂದು ತಪ್ಪು ಹಿಡಿದರು. ಹಡ್ಸನ್ ಅಲ್ಲಿ ಒಂದೇ ದಿಕ್ಕಿಗೆ ಹರಿಯುವ ನದಿಯಲ್ಲ. ಕಡಲಿನ ಭರತ, ಇಳಿತ ಎರಡೂ ಅಷ್ಟು ದೂರ ಒಳಕ್ಕೆ ಬರುತ್ತವೆ. ಮೊಟ್ಟೆಗಳು ಪಂಪಿನ ಬಾಯಿಯ ಮುಂದೆ ಒಮ್ಮೆ ಹಾದು ಹೋಗುತ್ತವೆ ಎಂದು ಅಧ್ಯಯನ ಲೆಕ್ಕ ಹಾಕಿತ್ತು. ನಿಜದಲ್ಲಿ ನೀರು ಹಿಂದೆ ಮುಂದೆ ತೂಗುವುದರಿಂದ ಅವೇ ಮೊಟ್ಟೆಗಳು ಮತ್ತೆ ಮತ್ತೆ ಅದರ ಮುಂದೆ ಬರುತ್ತವೆ. ಉಬ್ಬರದ ನೀರಿನಲ್ಲಿ ದೋಣಿ ನಡೆಸಿದವನಿಗೆ ಗೊತ್ತಿರುವ ಸಂಗತಿ ಪರಿಣತರ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. 1974ರಲ್ಲಿ ಕೋರ್ಟು ಮೀನಿನ ಪ್ರಶ್ನೆಯನ್ನು ಮತ್ತೆ ತೆರೆಸಿತು. ಕೊನೆಗೆ 1980ರ ಡಿಸೆಂಬರಿನಲ್ಲಿ ರಸೆಲ್ ಟ್ರೇನ್ ಎಂಬವರ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು. ಕಂಪನಿ ಪರವಾನಗಿ ಬಿಟ್ಟುಕೊಟ್ಟಿತು, ಸುಮಾರು 500 ಎಕರೆ ಜಾಗವನ್ನು ಉದ್ಯಾನಕ್ಕೆ ಬಿಟ್ಟಿತು. ನದಿಯ ಅಧ್ಯಯನಕ್ಕೆಂದು 1.2 ಕೋಟಿ ಡಾಲರುಗಳ ನಿಧಿ ಸ್ಥಾಪನೆಯಾಯಿತು. ಹದಿನೆಂಟು ವರ್ಷದ ವ್ಯಾಜ್ಯ. ಬೆಟ್ಟ ಹಾಗೇ ಇದೆ, ನ್ಯೂಯಾರ್ಕ್ ನಗರ ಕತ್ತಲಲ್ಲಿ ಕೂತಿಲ್ಲ.

ಈ ನಡುವೆ 1967ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸ್ನೇಕ್ ನದಿಯ ಹೆಲ್ಸ್ ಕ್ಯಾನ್ಯನ್ ಕಮರಿಯಲ್ಲಿ ಅಣೆಕಟ್ಟು ಯಾರು ಕಟ್ಟಬೇಕು ಎಂದು ಸಂಸ್ಥೆಗಳು ಕಾದಾಡುತ್ತಿದ್ದವು. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ತಿರುಗಿ ಕೇಳಿದ್ದು, ಅಣೆಕಟ್ಟೇ ಬೇಕೇ ಎಂದು. ನದಿಯನ್ನು ಅದರ ಪಾಡಿಗೆ ಹರಿಯಲು ಬಿಡುವುದೂ ಸಾರ್ವಜನಿಕ ಹಿತದ ಒಂದು ಆಯ್ಕೆ, ಆಯೋಗ ಅದನ್ನೂ ತೂಗಿ ನೋಡಬೇಕು ಎಂದರು. ಅಲ್ಲಿ ಆ ಅಣೆಕಟ್ಟು ಬರಲೇ ಇಲ್ಲ. 1975ರಲ್ಲಿ ಕಾಂಗ್ರೆಸ್ ಆ ಕಮರಿಯನ್ನು ರಕ್ಷಿತ ಪ್ರದೇಶವಾಗಿ ಘೋಷಿಸಿತು.

1970ರ ಜನವರಿ 1ರಂದು ಅಧ್ಯಕ್ಷ ನಿಕ್ಸನ್ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ಸಹಿ ಹಾಕಿದರು. ಪರಿಸರದ ಮೇಲೆ ಗಣನೀಯ ಪರಿಣಾಮ ಬೀರುವ ಯಾವುದೇ ಕೇಂದ್ರ ನಿರ್ಧಾರಕ್ಕೂ ಮುಂಚೆ ಪರಿಣಾಮದ ವರದಿ ಬೇಕು, ಅದರಲ್ಲಿ ಪರ್ಯಾಯಗಳ ಚರ್ಚೆ ಬೇಕು ಎಂದಿತು ಆ ಕಾಯ್ದೆ. ಜಗತ್ತಿನ ಎಷ್ಟೋ ದೇಶಗಳ ಪರಿಸರ ಪರಿಣಾಮ ಅಧ್ಯಯನದ ಮೂಲ ಇದೇ, ನಮ್ಮದೂ ಸೇರಿ. ಆದರೆ ವರದಿ ಬರೆಯುವವರು ಯಾರು? ಈ ಪ್ರಶ್ನೆ ಬೇಗನೆ ಎದ್ದಿತು. ನ್ಯೂಯಾರ್ಕಿನ ವಿದ್ಯುತ್ ಪ್ರಾಧಿಕಾರ ತನ್ನ ಬ್ಲೆನ್‌ಹೈಮ್–ಗಿಲ್ಬೋವಾ ಪಂಪ್ಡ್ ಸ್ಟೋರೇಜಿನಿಂದ ಗ್ರೀನ್ ಕೌಂಟಿಯ ಮೂಲಕ ವಿದ್ಯುತ್ ಮಾರ್ಗ ಎಳೆಯಲು ಹೊರಟಿತ್ತು. ಆಯೋಗ ತಾನು ವರದಿ ಮಾಡದೆ, ಅರ್ಜಿದಾರರೇ ಬರೆದುಕೊಟ್ಟ ವರದಿಯನ್ನು ಮುಂದಿಟ್ಟುಕೊಂಡು ವಿಚಾರಣೆ ಶುರುಮಾಡಿತು. 1972ರಲ್ಲಿ ಅದೇ ಎರಡನೆಯ ವಲಯದ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ಯೋಜನೆಯಿಂದ ಲಾಭ ಪಡೆಯುವವನು ಬರೆದ ವರದಿ ಸರ್ಕಾರದ ವರದಿಯಾಗಲಾರದು. ವಿಚಾರಣೆಗೆ ಮುಂಚೆ ಆಯೋಗ ತನ್ನದೇ ವರದಿ ಸಿದ್ಧಮಾಡಬೇಕು.

ನಮ್ಮ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ವರದಿ ಸಿದ್ಧಪಡಿಸುವುದು ಯೋಜನೆಯ ಮಾಲೀಕರು ಗೊತ್ತುಮಾಡಿದ ಸಲಹಾ ಸಂಸ್ಥೆ. ಸಂಬಳ ಕೊಡುವವರು ಅವರೇ. ಮಾಲಿನ್ಯ ನಿಯಂತ್ರಣ ಮಂಡಳಿ ಸಾರ್ವಜನಿಕ ಅಹವಾಲು ಸಭೆ ನಡೆಸುತ್ತದೆ, ತಜ್ಞರ ಸಮಿತಿ ಪರಿಶೀಲಿಸುತ್ತದೆ, ಎಲ್ಲ ನಿಜ. ಆದರೆ ಎಲ್ಲರ ಮುಂದಿರುವ ಮೂಲ ಕಾಗದ ಅರ್ಜಿದಾರನ ಮನೆಯಿಂದ ಬಂದದ್ದು. ಅಹವಾಲು ಸಭೆಯಲ್ಲಿ ಊರಿನವರು ಎದ್ದುನಿಂತು ಈ ಹಳ್ಳದ ಹೆಸರೇ ವರದಿಯಲ್ಲಿಲ್ಲ ಎಂದು ಕೂಗುವುದನ್ನು ನೀವೆಲ್ಲ ಕೇಳಿದ್ದೀರಿ. ಗ್ರೀನ್ ಕೌಂಟಿಯ ತೀರ್ಪು ನಮ್ಮ ಕಾನೂನು ಕಾಲೇಜುಗಳಲ್ಲಿ ಇನ್ನೂ ಹೆಚ್ಚು ಓದಬೇಕಾದ ತೀರ್ಪು.

ಇನ್ನು ಅವಧಿ ಮುಗಿಯುವ ಮಾತಿಗೆ ಬರೋಣ. ಪರವಾನಗಿ ಮುಗಿಯಲು ಐದು, ಐದೂವರೆ ವರ್ಷ ಇರುವಾಗಲೇ ಮಾಲೀಕ ತಾನು ಮುಂದುವರಿಯುತ್ತೇನೋ ಇಲ್ಲವೋ ಎಂದು ಆಯೋಗಕ್ಕೆ ತಿಳಿಸಬೇಕು. ಆಮೇಲೆ ಊರಿನಲ್ಲೇ ಸಭೆಗಳು ನಡೆಯುತ್ತವೆ. ಯಾವ ಯಾವ ಅಧ್ಯಯನ ಆಗಬೇಕು ಎಂದು ಮೀನುಗಾರಿಕೆ ಇಲಾಖೆ, ಬುಡಕಟ್ಟುಗಳು, ದೋಣಿ ನಡೆಸುವವರು, ಪಕ್ಕದ ರೈತರು ಕೇಳಬಹುದು. ಆಯೋಗ ಒಪ್ಪಿದ ಅಧ್ಯಯನದ ಖರ್ಚು ಮಾಲೀಕನದು. ಅವಧಿ ಮುಗಿಯಲು ಕನಿಷ್ಠ ಎರಡು ವರ್ಷ ಮುಂಚೆ ಪೂರ್ತಿ ಅರ್ಜಿ ಬರಬೇಕು. 1986ರಲ್ಲಿ ಕಾಂಗ್ರೆಸ್ ಕಾನೂನಿಗೆ ತಿದ್ದುಪಡಿ ತಂದು, ವಿದ್ಯುತ್ತಿನಷ್ಟೇ ಸಮನಾಗಿ ಇಂಧನ ಉಳಿತಾಯ, ಮೀನು ಮತ್ತು ವನ್ಯಜೀವಿ, ವಿಹಾರ, ಪರಿಸರದ ಗುಣಮಟ್ಟ ಇವನ್ನೂ ತೂಗಬೇಕು ಎಂದು ಬರೆಯಿತು.

ಆಯೋಗದ ಕೈಯನ್ನೂ ಕಟ್ಟಿಹಾಕುವ ಅಧಿಕಾರ ಕೆಲವರಿಗಿದೆ, ಇದು ಈ ಕಾನೂನಿನ ಜಾಣತನ. ಮೀನು ಹತ್ತಿಹೋಗುವ ದಾರಿ ಬೇಕೆಂದು ಕೇಂದ್ರದ ಮೀನು ಇಲಾಖೆಗಳು ಗೊತ್ತುಪಡಿಸಿದರೆ ಆಯೋಗ ಅದನ್ನು ಪರವಾನಗಿಗೆ ಸೇರಿಸಲೇಬೇಕು. ಬುಡಕಟ್ಟುಗಳ ಮೀಸಲು ಭೂಮಿಯಲ್ಲಿ, ರಾಷ್ಟ್ರೀಯ ಅರಣ್ಯದಲ್ಲಿ ಯೋಜನೆ ಇದ್ದರೆ ಆ ಭೂಮಿಯ ಹೊಣೆ ಹೊತ್ತ ಇಲಾಖೆ ಹಾಕಿದ ಷರತ್ತೂ ಹಾಗೇ. 1972ರ ಶುದ್ಧ ಜಲ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರದ ನೀರಿನ ಪ್ರಮಾಣಪತ್ರ ಇಲ್ಲದೆ ಕೇಂದ್ರದ ಪರವಾನಗಿ ಸಿಗದು. ವಾಷಿಂಗ್ಟನ್ ರಾಜ್ಯದ ಡೋಸಿವಾಲಿಪ್ಸ್ ನದಿಯಲ್ಲಿ ಒಂದು ಯೋಜನೆಗೆ ಆ ರಾಜ್ಯ, ಸಾಲ್ಮನ್ ಬದುಕಬೇಕಾದರೆ ನದಿಯಲ್ಲಿ ಕನಿಷ್ಠ ಇಷ್ಟು ನೀರು ಹರಿಯುತ್ತಿರಬೇಕು ಎಂದು ಷರತ್ತು ಹಾಕಿತು. ನೀರಿನ ಗುಣಮಟ್ಟ ನೋಡುವವರಿಗೆ ನೀರಿನ ಪ್ರಮಾಣದ ಗೊಡವೆ ಏಕೆ ಎಂದು ಅರ್ಜಿದಾರರು ಸುಪ್ರೀಂ ಕೋರ್ಟಿಗೆ ಹೋದರು. 1994ರಲ್ಲಿ ಕೋರ್ಟು ರಾಜ್ಯದ ಪರ ನಿಂತಿತು. ನೀರೇ ಇಲ್ಲದ ನದಿಯಲ್ಲಿ ಗುಣಮಟ್ಟದ ಮಾತೆಲ್ಲಿ?

ಅವಧಿ ಮುಗಿದಾಗ ಆಯೋಗ ಇಲ್ಲ ಎಂದೂ ಹೇಳಬಹುದೇ? ಎಷ್ಟೋ ವರ್ಷ ಇದು ಕಾಗದದ ಮೇಲಿನ ಪ್ರಶ್ನೆಯಾಗಿತ್ತು. ಮೇನ್ ರಾಜ್ಯದ ಅಗಸ್ಟಾ ಪಟ್ಟಣದಲ್ಲಿ ಕೆನೆಬೆಕ್ ನದಿಗೆ 1837ರಲ್ಲಿ ಕಟ್ಟಿದ ಎಡ್ವರ್ಡ್ಸ್ ಅಣೆಕಟ್ಟು ಇತ್ತು. ಅದರ ವಿದ್ಯುತ್ ಸಾಮರ್ಥ್ಯ ಬರೀ 3.5 ಮೆಗಾವ್ಯಾಟ್. 1997ರ ನವೆಂಬರಿನಲ್ಲಿ ಆಯೋಗ ಎರಡಕ್ಕೆ ಒಂದು ಮತದಿಂದ ಹೊಸ ಪರವಾನಗಿ ನಿರಾಕರಿಸಿತು, ಅಣೆಕಟ್ಟು ತೆಗೆಯಲು ಆದೇಶ ಮಾಡಿತು. ಮಾಲೀಕರ ಇಚ್ಛೆಗೆ ವಿರುದ್ಧವಾಗಿ ಅದು ಹೀಗೆ ಮಾಡಿದ್ದು ಅದೇ ಮೊದಲು. ಮೀನಿನ ದಾರಿ ಕಟ್ಟಿಸುವ ಖರ್ಚು ಅಣೆಕಟ್ಟು ಕೆಡವುವ ಖರ್ಚಿಗಿಂತ ಹೆಚ್ಚಾಗುತ್ತಿತ್ತು. ಜೊತೆಗೆ ಸ್ಟರ್ಜನ್‌ನಂಥ ಮೀನುಗಳು ಎಂಥ ಮೆಟ್ಟಿಲು ಕಟ್ಟಿದರೂ ಹತ್ತುವಂಥವಲ್ಲ. 1999ರ ಜುಲೈ 1ರಂದು ಕಟ್ಟೆ ಒಡೆದರು. ಕೆಲವೇ ವರ್ಷಗಳಲ್ಲಿ ಏಲ್‌ವೈಫ್ ಮೀನುಗಳು ಲಕ್ಷಗಟ್ಟಲೆ ಮೇಲಕ್ಕೆ ಬರತೊಡಗಿದವು.

ಎಡ್ವರ್ಡ್ಸ್ ಚಿಕ್ಕದು. ಕ್ಲಾಮತ್ ನದಿಯದು ಬೇರೆಯೇ ಅಳತೆಯ ಕಥೆ. ಆರಿಗನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳ ಮೂಲಕ ಹರಿದು ಪೆಸಿಫಿಕ್ ಸಾಗರ ಸೇರುವ ಈ ನದಿಗೆ 1918ರಿಂದ 1962ರ ತನಕ ನಾಲ್ಕು ವಿದ್ಯುತ್ ಅಣೆಕಟ್ಟುಗಳು ಬಂದವು: ಕಾಪ್ಕೋ 1, ಕಾಪ್ಕೋ 2, ಜೆ.ಸಿ. ಬಾಯ್ಲ್, ಐರನ್ ಗೇಟ್. ಸಾಲ್ಮನ್ ಮೀನು ನೂರು ವರ್ಷ ಮೇಲ್ದಂಡೆಗೆ ಹೋಗಲಾಗಲಿಲ್ಲ. ಯುರೋಕ್, ಕರುಕ್, ಹೂಪಾ, ಕ್ಲಾಮತ್ ಬುಡಕಟ್ಟುಗಳಿಗೆ ಸಾಲ್ಮನ್ ಎಂದರೆ ಊಟ, ಪೂಜೆ, ವರ್ಷದ ಲೆಕ್ಕ ಎಲ್ಲವೂ. 2002ರ ಸೆಪ್ಟೆಂಬರಿನಲ್ಲಿ ನದಿಯ ಕೆಳಭಾಗದಲ್ಲಿ 30 ಸಾವಿರಕ್ಕೂ ಹೆಚ್ಚು ಸಾಲ್ಮನ್ ಸತ್ತು ತೇಲಿದವು. ಅದಕ್ಕೆ ಮುಖ್ಯ ಕಾರಣ ಬರಗಾಲದಲ್ಲಿ ನದಿಗೆ ಬಿಟ್ಟ ನೀರು ಸಾಲದೆ, ನೀರು ಬಿಸಿಯಾಗಿ, ರೋಗ ಹಬ್ಬಿದ್ದು. ಎಲ್ಲ ತಪ್ಪನ್ನೂ ಈ ನಾಲ್ಕು ಅಣೆಕಟ್ಟುಗಳ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಆ ದಂಡೆಯ ಜನ ಅಂದು ತೀರ್ಮಾನ ಮಾಡಿದರು, ಇನ್ನು ಕಾಯುವುದಿಲ್ಲ ಎಂದು.

ಅವರಿಗೆ ಸಿಕ್ಕ ಹಿಡಿ ಯಾವುದು ಗೊತ್ತೆ? 2006ರಲ್ಲಿ ಐವತ್ತು ವರ್ಷದ ಪರವಾನಗಿ ಮುಗಿಯುತ್ತಿತ್ತು. ಅದು ಇಲ್ಲದಿದ್ದರೆ ಅವರ ಅಳಲನ್ನು ಕೇಳಲೇಬೇಕಾದ ಸಭೆ ಎಲ್ಲೂ ಇರುತ್ತಿರಲಿಲ್ಲ. ಅಣೆಕಟ್ಟುಗಳ ಒಡೆಯ ಪೆಸಿಫಿಕಾರ್ಪ್ ಕಂಪನಿ ಆಗ ಸ್ಕಾಟಿಷ್‌ಪವರ್ ಕೈಯಲ್ಲಿತ್ತು. ಬುಡಕಟ್ಟಿನವರು 2004ರಲ್ಲಿ ಸ್ಕಾಟ್ಲೆಂಡಿಗೇ ಹೋಗಿ ಷೇರುದಾರರ ಸಭೆಯ ಮುಂದೆ ನಿಂತರು. ಇತ್ತ ಕೇಂದ್ರದ ಇಲಾಖೆಗಳು ಮೀನಿನ ದಾರಿ ಕಡ್ಡಾಯವೆಂದವು. ಕಂಪನಿ ಆ ಷರತ್ತಿನ ಹಿಂದಿನ ಸಂಗತಿಗಳನ್ನು ಪ್ರಶ್ನಿಸಿತು, 2006ರಲ್ಲಿ ಆಡಳಿತ ನ್ಯಾಯಾಧೀಶರು ಬಹುಮಟ್ಟಿಗೆ ಇಲಾಖೆಗಳ ಪರ ಹೇಳಿದರು. ಅಲ್ಲಿಂದ ಲೆಕ್ಕ ತಿರುಗಿತು. ಆ ದಾರಿ ಕಟ್ಟಿಸಿ ಅಣೆಕಟ್ಟು ಉಳಿಸಿಕೊಳ್ಳುವುದಕ್ಕಿಂತ ಅವನ್ನು ತೆಗೆಯುವುದು ಕಂಪನಿಯ ಗ್ರಾಹಕರಿಗೆ ಅಗ್ಗ ಎಂದು ಎರಡೂ ರಾಜ್ಯಗಳ ವಿದ್ಯುತ್ ನಿಯಂತ್ರಕರು ಒಪ್ಪಿದರು. ನಾಲ್ಕರಿಂದ ಬರುತ್ತಿದ್ದ ವಿದ್ಯುತ್ ಕಂಪನಿಯ ಒಟ್ಟು ಉತ್ಪಾದನೆಯಲ್ಲಿ ಶೇಕಡಾ 2ಕ್ಕಿಂತ ಕಡಿಮೆ.

ಆಮೇಲೂ ದಾರಿ ಸುಲಭವಾಗಿರಲಿಲ್ಲ. 2010ರ ಒಪ್ಪಂದಕ್ಕೆ ಕಾಂಗ್ರೆಸ್ ಒಪ್ಪಿಗೆ ಬೇಕಿತ್ತು, ಅದು ಬರಲೇ ಇಲ್ಲ. 2016ರಲ್ಲಿ ಒಪ್ಪಂದ ತಿದ್ದಿ, ನೇರ ಆಯೋಗದ ಮೂಲಕವೇ ಹೋಗುವ ದಾರಿ ಹುಡುಕಿದರು. ಅಲ್ಲಿಯ ಸಿಸ್ಕಿಯು ಕೌಂಟಿಯ ಬಹಳ ಜನ ವಿರೋಧಿಸಿದರು. ಕೆರೆದಂಡೆಯ ಮನೆಗಳ ಮುಂದಿನ ನೀರು ಹೋಗುತ್ತದೆ, ಬೆಂಕಿ ಆರಿಸಲು ನೀರಿರುವುದಿಲ್ಲ ಎಂಬ ಅವರ ಮಾತುಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆಯೋಗ ಅವನ್ನೂ ದಾಖಲಿಸಿಕೊಂಡಿತು. 2022ರ ನವೆಂಬರ್ 17ರಂದು ಪರವಾನಗಿ ಒಪ್ಪಿಸಿ ಅಣೆಕಟ್ಟು ತೆಗೆಯಲು ಅನುಮತಿ ಕೊಟ್ಟಿತು. 2023ರಲ್ಲಿ ಕಾಪ್ಕೋ 2, 2024ರಲ್ಲಿ ಉಳಿದ ಮೂರು ನೆಲಸಮವಾದವು. ಅದೇ ಅಕ್ಟೋಬರಿನಲ್ಲಿ ಚಿನೂಕ್ ಸಾಲ್ಮನ್ ಆರಿಗನ್ನಿನ ಮೇಲ್ದಂಡೆಯಲ್ಲಿ ಕಾಣಿಸಿಕೊಂಡಿತು. ಆ ಸುದ್ದಿ ಓದಿದ ದಿನ ನನಗಾದ ಸಂತೋಷವನ್ನು ಮುಚ್ಚಿಡುವ ಅಗತ್ಯ ಕಾಣುವುದಿಲ್ಲ.

ಈ ವ್ಯವಸ್ಥೆಯ ಕೊರತೆಗಳನ್ನು ಹೇಳದೆ ಹೋದರೆ ಅದು ಉಪನ್ಯಾಸವಾಗದು, ಜಾಹೀರಾತಾಗುತ್ತದೆ. ಮೊದಲನೆಯದು ವಿಳಂಬ. ಹೊಸ ಪರವಾನಗಿ ತೀರ್ಮಾನವಾಗದಿದ್ದರೆ ಹಳೆಯ ಷರತ್ತುಗಳ ಮೇಲೇ ವರ್ಷ ವರ್ಷಕ್ಕೆ ತಾತ್ಕಾಲಿಕ ಪರವಾನಗಿ ಸಿಗುತ್ತದೆ. ಕ್ಲಾಮತ್ ಅಣೆಕಟ್ಟುಗಳು 2006ರ ನಂತರ ಹೀಗೇ ನಡೆದವು. ಹಳೆಯ ಷರತ್ತು ಅನುಕೂಲವಾಗಿರುವ ಮಾಲೀಕನಿಗೆ ತಡವಾದಷ್ಟೂ ಲಾಭ. ಇನ್ನೊಂದು ಕಡೆ, ಸಣ್ಣ ಯೋಜನೆ ನಡೆಸುವ ಪ್ರಾಮಾಣಿಕ ಮಾಲೀಕರಿಗೆ ಅಧ್ಯಯನದ ಖರ್ಚೇ ಹೊರೆಯಾಗುತ್ತದೆ ಎಂಬ ಉದ್ಯಮದವರ ದೂರಿನಲ್ಲೂ ಸತ್ಯವಿದೆ.

ಎರಡನೆಯದು, ಎಚ್ಚರಿಕೆಯ ಮಾತು ಬಂದರೂ ಕೇಳದಿರುವುದು. ಓರೋವಿಲ್ ಅಮೆರಿಕದ ಅತಿ ಎತ್ತರದ ಅಣೆಕಟ್ಟು. ಅದರ ಪರವಾನಗಿ ನವೀಕರಣದ ವಿಚಾರಣೆಯಲ್ಲಿ, 2005ರಲ್ಲಿ, ಪರಿಸರ ಸಂಘಟನೆಗಳು ಒಂದು ಅರ್ಜಿ ಹಾಕಿದವು: ತುರ್ತು ಕೋಡಿಯ ಕೆಳಗೆ ಬರೀ ಗುಡ್ಡದ ಮಣ್ಣಿದೆ, ನೀರು ಬಿದ್ದರೆ ಕೊಚ್ಚಿಹೋಗುತ್ತದೆ, ಕಾಂಕ್ರೀಟು ಹಾಕಿಸಿ. ಕೋಡಿ ನಿಯಮಕ್ಕೆ ತಕ್ಕಂತಿದೆ ಎಂದು ಆಯೋಗದ ಕಡೆಯಿಂದ ಉತ್ತರ ಬಂತು. 2017ರ ಫೆಬ್ರುವರಿಯಲ್ಲಿ ಮುಖ್ಯ ಕೋಡಿ ಒಡೆದು, ತುರ್ತು ಕೋಡಿಯ ಮೇಲೆ ನೀರು ಹರಿದು, ಗುಡ್ಡ ಕೊರೆಯತೊಡಗಿತು. ಸುಮಾರು 1.88 ಲಕ್ಷ ಜನ ಮನೆ ಬಿಟ್ಟು ಓಡಬೇಕಾಯಿತು. ಆ ಕೋಡಿ ಪೂರ್ತಿ ಕುಸಿಯದಿದ್ದುದು ಆ ಜನರ ಪುಣ್ಯ. ಮಿಷಿಗನ್ನಿನ ಈಡನ್‌ವಿಲ್ ಅಣೆಕಟ್ಟಿನ ಕಥೆ ಬೇರೆ ಥರದ್ದು. ದೊಡ್ಡ ನೆರೆಯನ್ನು ಸಾಗಹಾಕುವಷ್ಟು ಕೋಡಿ ಇಲ್ಲ ಎಂದು ಆಯೋಗ 2018ರಲ್ಲಿ ಪರವಾನಗಿ ಕಿತ್ತುಕೊಂಡಿತು. ಅಣೆಕಟ್ಟು ಮಾತ್ರ ಅಲ್ಲೇ ಉಳಿಯಿತು, ಮೇಲ್ವಿಚಾರಣೆ ರಾಜ್ಯದ ಕೈಗೆ ಹೋಯಿತು. 2020ರ ಮೇ ತಿಂಗಳಲ್ಲಿ ಅದು ಒಡೆಯಿತು. ಸುಮಾರು 10 ಸಾವಿರ ಜನರನ್ನು ಸ್ಥಳಾಂತರಿಸಬೇಕಾಯಿತು.

ಇತ್ತೀಚಿನ ಗಾಳಿಯೂ ಬದಲಾಗಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಉಟಾ ರಾಜ್ಯದ ಒಂದು ರೈಲುಮಾರ್ಗದ ಪ್ರಕರಣದಲ್ಲಿ, ಪರಿಸರ ವರದಿಗಳ ವಿಷಯದಲ್ಲಿ ಕೋರ್ಟುಗಳು ಇಲಾಖೆಗಳ ಮಾತಿಗೆ ಹೆಚ್ಚು ಮನ್ನಣೆ ಕೊಡಬೇಕು ಎಂದಿತು. ಸ್ಟಾರ್ಮ್ ಕಿಂಗ್ ಪ್ರಕರಣದಲ್ಲಿ ತೆರೆದ ಬಾಗಿಲು ಮುಚ್ಚಿಲ್ಲ, ಆದರೆ ಕಿರಿದಾಗಿದೆ. ಇಷ್ಟಾದರೂ ಗಡುವು ಉಳಿದಿದೆ, ಏಕೆಂದರೆ ಅದು ಪರಿಸರ ಕಾಯ್ದೆಯದಲ್ಲ, 1920ರ ಕಾಯ್ದೆಯದು.

ಗಡುವಿನ ಬೆಲೆ ಸೋತವರಿಗೆ ಹೆಚ್ಚು ಗೊತ್ತು. ನಯಾಗರ ಯೋಜನೆಯ ಜಲಾಶಯಕ್ಕೆ ಟಸ್ಕರೋರಾ ಬುಡಕಟ್ಟಿನ ಮೀಸಲು ಭೂಮಿ ಹೋಯಿತು. ಅವರು ಸುಪ್ರೀಂ ಕೋರ್ಟಿನ ತನಕ ಹೋಗಿ 1960ರಲ್ಲಿ ಸೋತರು. ಕೊಟ್ಟ ಮಾತನ್ನು ದೊಡ್ಡ ದೇಶ ಉಳಿಸಿಕೊಳ್ಳಬೇಕು ಎಂದು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಭಿನ್ನಮತ ಬರೆದರು, ಆದರೆ ಭೂಮಿ ಮುಳುಗಿತು. ನಮ್ಮಲ್ಲಾದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅಲ್ಲಿ 2007ರ ಹೊಸ ಪರವಾನಗಿಗಾಗಿ ನ್ಯೂಯಾರ್ಕಿನ ವಿದ್ಯುತ್ ಪ್ರಾಧಿಕಾರ ಬಂದಾಗ ಟಸ್ಕರೋರಾ ಜನ ಮತ್ತೆ ಮಾತುಕತೆಗೆ ಕೂತರು, ಒಪ್ಪಂದವೂ ಆಯಿತು. ಹೋದ ನೆಲ ಬರಲಿಲ್ಲ. ಆದರೂ ಅವರ ಮೊಮ್ಮಕ್ಕಳ ಕಾಲಕ್ಕೆ ಅವರನ್ನು ಕರೆದು ಕೂರಿಸಲೇಬೇಕಾಯಿತು.

ನಮ್ಮ ಜಲವಿದ್ಯುತ್ತಿಗೂ ಅಮೆರಿಕಕ್ಕೂ ಹಳೆಯ ನಂಟಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳಿಂದ. ಯಂತ್ರ ಬಂತು, ಈ ಅವಧಿಯ ಪದ್ಧತಿ ಬರಲಿಲ್ಲ. 2003ರ ವಿದ್ಯುತ್ ಕಾಯ್ದೆಯಲ್ಲಿ ದೊಡ್ಡ ಜಲವಿದ್ಯುತ್ ಯೋಜನೆಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸಮ್ಮತಿ ಬೇಕು, ಅದು ಒಮ್ಮೆ ಕೊಡುವ ಸಮ್ಮತಿ. ಪರಿಸರ ಅನುಮತಿಗೆ ಒಂದು ಅವಧಿ ಇದೆಯಾದರೂ ಅದು ಕಾಮಗಾರಿ ಮುಗಿಸುವುದಕ್ಕೆ ಹಾಕಿದ ಅವಧಿ. ಯಂತ್ರ ತಿರುಗಲು ಶುರುವಾದ ಮೇಲೆ, ಇಷ್ಟು ವರ್ಷದ ಬಳಿಕ ಬಂದು ಜನರ ಮುಂದೆ ನಿಲ್ಲು ಎನ್ನುವ ಕಾನೂನು ನಮ್ಮಲ್ಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಅಮೆರಿಕದ ಲೆಕ್ಕ ಹಿಡಿದರೆ 2014ಕ್ಕೆ ಅದರ ಐವತ್ತು ವರ್ಷ ತುಂಬಿತು. ಅಂಥ ಗಡುವು ನಮ್ಮಲ್ಲೂ ಇದ್ದಿದ್ದರೆ 2009ರ ಹೊತ್ತಿಗೇ ಸಾಗರ, ಹೊಸನಗರ, ಹೊನ್ನಾವರಗಳಲ್ಲಿ ಸಭೆಗಳು ಶುರುವಾಗಬೇಕಿತ್ತು. ಭೂಮಿ ಬಿಟ್ಟು ಎದ್ದುಬಂದ ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ, ಇಂದಿಗೂ ಇತ್ಯರ್ಥವಾಗದ ಪ್ರಶ್ನೆ, ಪರವಾನಗಿಯ ಷರತ್ತಾಗಿ ಮೇಜಿನ ಮೇಲೆ ಬರುತ್ತಿತ್ತು. ಜೋಗದಲ್ಲಿ ಬೇಸಿಗೆಗೆ ಎಷ್ಟು ನೀರು ಬಿಡಬೇಕು ಎಂಬುದು ಒಂದು ಅಧ್ಯಯನದ ವಿಷಯವಾಗುತ್ತಿತ್ತು. ವಿದ್ಯುತ್ ಕೇಂದ್ರದಿಂದ ವರ್ಷವಿಡೀ ಒಂದೇ ಸಮ ಸಿಹಿನೀರು ಇಳಿದು ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ಕುಗ್ಗಿದೆ. ಅಣೆಕಟ್ಟಿಲ್ಲದ ಪಕ್ಕದ ಅಘನಾಶಿನಿಯಲ್ಲಿ ಹೇರಳವಾಗಿ ಸಿಗುವ ಬಳಚು ಎಂಬ ಚಿಪ್ಪುಮೀನು ಇಲ್ಲಿ ಬಹುತೇಕ ಇಲ್ಲವಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಬರೆದು ಪ್ರಕಟಿಸಿದ್ದಾರೆ. ಅದನ್ನು ಓದಿ ಉತ್ತರ ಕೊಡಬೇಕಾದ ಪೀಠ ಯಾವುದು? ಹಡ್ಸನ್ನಿನ ಮೀನುಗಾರರಿಗೆ ಅಂಥದ್ದೊಂದು ಪೀಠ ಇತ್ತು. ಹೊನ್ನಾವರದ ಅಳಿವೆಯಲ್ಲಿ ಚಿಪ್ಪು ಹೆಕ್ಕುತ್ತಿದ್ದ ಹೆಂಗಸರಿಗೆ ಇಲ್ಲ.

ಅದೇ ಕಣಿವೆಗೆ ಈಗ ಮತ್ತೊಂದು ಯೋಜನೆ ಬಂದಿದೆ, ಸಿಂಗಳೀಕ ಅಭಯಾರಣ್ಯದ ಒಳಗೆ. ಅದು ಬೇಕೋ ಬೇಡವೋ ಎಂಬ ವಾದ ನಡೆಯಲಿ, ಅದರಲ್ಲಿ ನನ್ನ ಪಕ್ಷ ಯಾವುದೆಂದು ಈ ಮಾತುಗಳಿಂದ ನಿಮಗೆ ತಿಳಿದಿರಬಹುದು. ಅದರ ಜೊತೆಗೇ ನಮ್ಮ ಶಾಸಕರನ್ನು, ಸಂಸದರನ್ನು ಕೇಳಬೇಕಾದದ್ದು ಮೂರು ಸಂಗತಿ. ಪರಿಸರ ವರದಿ ಬರೆಯುವವರನ್ನು ನೇಮಿಸುವ ಅಧಿಕಾರ ಯೋಜನೆಯ ಮಾಲೀಕನ ಕೈಯಿಂದ ತಪ್ಪಿ ಸ್ವತಂತ್ರ ಪ್ರಾಧಿಕಾರಕ್ಕೆ ಹೋಗಬೇಕು, ಖರ್ಚು ಬೇಕಾದರೆ ಮಾಲೀಕನದೇ ಇರಲಿ. ಹೊಸದಾಗಿ ಕೊಡುವ ಯಾವುದೇ ಜಲವಿದ್ಯುತ್ ಸಮ್ಮತಿಗೆ ಮುಗಿಯುವ ದಿನಾಂಕ ಬರೆದಿರಬೇಕು. ಐವತ್ತು ವರ್ಷ ದಾಟಿದ ಹಳೆಯ ಯೋಜನೆಗಳಿಗೂ, ಶರಾವತಿಯಿಂದಲೇ ಶುರುಮಾಡಿ, ಒಂದು ಮರುಪರಿಶೀಲನೆ ನಡೆಯಬೇಕು. ಅದರ ಕಾಗದಪತ್ರಗಳೆಲ್ಲ ಕನ್ನಡದಲ್ಲಿ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಸಿಗುವಂತಾಗಬೇಕು, ಅದರ ಸಭೆ ಗೇರುಸೊಪ್ಪದಲ್ಲೂ ಕಾರ್ಗಲ್ಲಿನಲ್ಲೂ ಜನ ಕೆಲಸ ಮುಗಿಸಿ ಬರಬಹುದಾದ ಹೊತ್ತಿನಲ್ಲಿ ನಡೆಯಬೇಕು.